ಎಂಬಿಎ ಫಾರ್ಮ್‌ನ ಪಾಸ್‌ವರ್ಡ್ ಯಾರ ಕೈಗೂ ಕೊಡಬೇಡಿ

ಕಲಬುರಗಿ, ಬೀದರ್ ಕಡೆ ಯಾರ ಮನೆಯಲ್ಲಾದರೂ ಐಐಎಂನಂಥ ಕಾಲೇಜುಗಳ ಎಂಬಿಎ ಪ್ರವೇಶಕ್ಕೆ ನಡೆಯುವ ಕ್ಯಾಟ್ ಪರೀಕ್ಷೆಗೆ ತಯಾರಿ ನಡೆದಿದ್ದರೆ ಇದನ್ನು ಪೂರ್ತಿ ಓದಿ. ಹೋದ ವರ್ಷ ನನ್ನ ತಮ್ಮನಿಗೆ ಆದ ಅನುಭವ ಇದು. ಸೆಂಟರ್ ಹೆಸರು ಹೇಳುವುದಿಲ್ಲ. ನಮ್ಮ ದೂರು ಇನ್ನೂ ನಡೆದಿದೆ, ಮೇಲಾಗಿ ಈ ಧಂದೆ ಮಾಡುವವರು ಅವರೊಬ್ಬರೇ ಅಲ್ಲ.

ಪಾಠಕ್ಕೆ ಕೋಚಿಂಗ್ ಸೇರುವುದು ಒಂದು. ಅರ್ಜಿ ಹಾಕುವ ಕೆಲಸವನ್ನೂ ಅವರಿಗೇ ಒಪ್ಪಿಸುವುದು ಇನ್ನೊಂದು. ಇಲ್ಲಿ ಎರಡನ್ನೂ ಸೇರಿಸಿ ಒಂದೇ ಪ್ಯಾಕೇಜ್ ಅಂತ 65,000 ರೂಪಾಯಿ ತಗೊಂಡರು. ಆಳಂದ ತಾಲ್ಲೂಕಿನ ನಮ್ಮ ಹೊಲದ ತೊಗರಿ ಮಾರಿದ ದುಡ್ಡು ಅದು. ‘ಕ್ಲಾಸ್, ಮಾಕ್ ಟೆಸ್ಟ್, ಫಾರ್ಮ್ ತುಂಬೋದು, ಎಸ್‌ಒಪಿ ಬರಿಯೋದು, ಎಲ್ಲಾ ನಮ್ದೇ ಜವಾಬ್ದಾರಿ. ನೀವು ಚಿಂತಿ ಮಾಡಬ್ಯಾಡ್ರಿ ಗೌಡ್ರ’ ಅಂತ ಅಪ್ಪನಿಗೆ ಚಹಾ ಕುಡಿಸಿ ಹೇಳಿದರು. ಎಸ್‌ಒಪಿ ಅಂದರೆ ನಾನು ಯಾರು, ಈ ಕೋರ್ಸ್ ಯಾಕೆ ಓದಬೇಕು ಅಂತ ಕಾಲೇಜಿಗೆ ಬರೆದುಕೊಡುವ ಪತ್ರ. ಜೊತೆಗೆ ಇನ್ನೊಂದು ಮಾತು ತೇಲಿಬಿಟ್ಟರು: ‘ನಿಮ್ಗ 371ಜೆ ಅದ. ಐಐಎಂದಾಗೂ ಕೋಟಾ ಸಿಗ್ತದ.’

ಇದು ಶುದ್ಧ ಸುಳ್ಳು. ಸಂವಿಧಾನದ 371ಜೆ ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಿಗುವ ಮೀಸಲಾತಿ ರಾಜ್ಯ ಸರ್ಕಾರದ ವ್ಯಾಪ್ತಿಯದ್ದು. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆ 8. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಎಂಬಿಎ ಸೀಟು ಹಿಡಿಯುವವರಿಗೆ ಅದರಿಂದ ನಿಜಕ್ಕೂ ಅನುಕೂಲ ಇದೆ. ಐಐಎಂಗಳು ಕೇಂದ್ರದ ಸಂಸ್ಥೆಗಳು. ಅಲ್ಲಿ ಎಸ್‌ಸಿಗೆ ನೂರಕ್ಕೆ 15, ಎಸ್‌ಟಿಗೆ 7.5, ಒಬಿಸಿಗೆ 27, ಇಡಬ್ಲ್ಯೂಎಸ್‌ಗೆ (ಆರ್ಥಿಕವಾಗಿ ಹಿಂದುಳಿದ ಸಾಮಾನ್ಯ ವರ್ಗದವರಿಗೆ) 10, ಅಂಗವಿಕಲರಿಗೆ 5. 371ಜೆ ಅನ್ನೋ ಕಾಲಂ ಆ ಫಾರ್ಮ್‌ನಲ್ಲೇ ಇಲ್ಲ.

ಪಾಠದ ಬಗ್ಗೆ ನನ್ನ ತಕರಾರಿಲ್ಲ. ಅಲ್ಲಿ ಗಣಿತ ಹೇಳುತ್ತಿದ್ದ ಸರ್ ಒಳ್ಳೆಯವರು. ಸರಿ ಉತ್ತರಕ್ಕೆ 3 ಅಂಕ, ಬಹು ಆಯ್ಕೆ ಪ್ರಶ್ನೆಯಲ್ಲಿ ತಪ್ಪಿದರೆ ಒಂದು ಅಂಕ ಕಟ್, ಉತ್ತರ ಟೈಪ್ ಮಾಡುವ ಪ್ರಶ್ನೆಗೆ ಕಟ್ ಇಲ್ಲ. ಹಾಗಾಗಿ ಯಾವುದನ್ನು ಬಿಡಬೇಕು ಅಂತ ಮೊದಲು ಕಲಿಯಿರಿ ಅಂತ ಅವರೇ ಹೇಳಿಕೊಟ್ಟಿದ್ದು. ಒಂದೊಂದು ವಿಭಾಗಕ್ಕೆ ಇರೋದೇ 40 ನಿಮಿಷ, ಅಲ್ವಾ? ಹಾಳಾಗಿದ್ದು ಆ ಕ್ಲಾಸ್‌ರೂಮಿನ ಪಕ್ಕದ ಆಫೀಸಿನಲ್ಲಿ.

ಆಗಸ್ಟ್‌ನಲ್ಲಿ ರಿಜಿಸ್ಟ್ರೇಷನ್ ಶುರುವಾದಾಗ ಮಾರ್ಕ್ಸ್ ಕಾರ್ಡ್, ಫೋಟೋ, ಸಹಿ, ಜಾತಿ ಪ್ರಮಾಣಪತ್ರ ಎಲ್ಲಾ ತಗೊಂಡರು. ಇಮೇಲ್ ಐಡಿ ಅವರೇ ಮಾಡಿದರು, ಮೊಬೈಲ್ ನಂಬರೂ ಅವರದೇ ಹಾಕಿದರು. ‘ನೂರಾರು ಹುಡುಗ್ರು ಇರ್ತಾರ, ಒಟಿಪಿ ನಮ್ಗೇ ಬಂದ್ರ ಸಲೀಸ್’ ಅಂದರು. ತಮ್ಮನಿಗೆ ಸಿಕ್ಕಿದ್ದು ಹಾಲ್ ಟಿಕೆಟ್ ಪ್ರಿಂಟ್ ಮಾತ್ರ. ತುಂಬಿದ ಫಾರ್ಮ್ ತೋರಿಸಿ ಅಂತ ಅವನು ಕೇಳಿದಾಗೆಲ್ಲ ಸರ್ವರ್ ಬಿಜಿ, ನಾಳೆ ಬಾ.

ಆ ಫಾರ್ಮ್‌ಗಳಲ್ಲಿ ಏನಿತ್ತು ಅಂತ ಮೊದಲು ಗೊತ್ತಾಗಿದ್ದು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಸಂದರ್ಶನದಲ್ಲಿ. ಇವನ ಎಸ್‌ಒಪಿ ಎದುರಿಗೆ ಇಟ್ಟುಕೊಂಡ ಮೇಡಂ ಒಬ್ಬರು, ನಿಮ್ಮ ತಂದೆಯ ಬಟ್ಟೆ ಅಂಗಡಿಯಲ್ಲಿ ಸ್ಟಾಕ್ ಲೆಕ್ಕ ಹೇಗೆ ಇಡುತ್ತಿದ್ದಿರಿ ಅಂತ ಕೇಳಿದರು. ಇವನಿಗೆ ಏನೂ ತಿಳಿಯಲಿಲ್ಲ. ‘ಅಂಗಡಿ ಇಲ್ಲ ಮೇಡಂ, ನಮ್ಮದು ಹೊಲ’ ಅಂದ. ಅವರು ಹಾಳೆ ತಿರುಗಿಸಿ ತೋರಿಸಿದರು. ದಾವಣಗೆರೆಯಲ್ಲಿ ಹುಟ್ಟಿ ಬೆಳೆದೆ, ಅಪ್ಪನ ಅಂಗಡಿಯ ಗಲ್ಲಾದಲ್ಲಿ ಕೂತು ವ್ಯಾಪಾರ ಕಲಿತೆ ಅಂತ ಒಂದು ಪುಟ ಇಂಗ್ಲಿಷ್. ಕೆಳಗೆ ನನ್ನ ತಮ್ಮನ ಹೆಸರು. ಯಾರದೋ ಹಳೇ ಎಸ್‌ಒಪಿಗೆ ಇವನ ಹೆಸರು ಅಂಟಿಸಿ ಕಳಿಸಿದ್ದರು. ಮುಂದೆ ಏನು ಹೇಳಿದರೂ ಅವರು ನಂಬುತ್ತಾರಾ? ಐದು ನಿಮಿಷಕ್ಕೆ ಹೊರಗೆ ಬಂದ. ‘ಅಣ್ಣಾ, ಅದು ನಾ ಬರ್ದದ್ದೇ ಅಲ್ಲ’ ಅಂತ ಫೋನ್ ಮಾಡಿದಾಗ ನನಗೂ ಬಾಯಿ ಕಟ್ಟಿಹೋಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಕೆಟಗರಿಯದು. ನಮ್ಮದು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಬಿ. ಅದನ್ನು ನೋಡಿ ಅವರು ಕ್ಯಾಟ್ ಫಾರ್ಮ್‌ನಲ್ಲಿ ಒಬಿಸಿ ಅಂತ ಒತ್ತಿಬಿಟ್ಟಿದ್ದಾರೆ. ಆದರೆ ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಇಲ್ಲಿರುವ ಎಲ್ಲಾ ಜಾತಿ ಅಲ್ಲಿರುವುದಿಲ್ಲ, ನಮ್ಮದಂತೂ ಇಲ್ಲ. ನಮ್ಮ ಹೊಲ ಐದು ಎಕರೆಗಿಂತ ಕಮ್ಮಿ, ಆದಾಯ 8 ಲಕ್ಷದ ಹತ್ತಿರಕ್ಕೂ ಹೋಗುವುದಿಲ್ಲ. ಅಂದರೆ ಹಾಕಬೇಕಿದ್ದದ್ದು ಇಡಬ್ಲ್ಯೂಎಸ್. ಹೊಸ ಐಐಎಂಗಳು ಸೇರಿ ನಡೆಸುವ ಸಂದರ್ಶನಕ್ಕೆ ಒಬಿಸಿ ಅಂತ ಕರೆ ಬಂತು, ಪ್ರಮಾಣಪತ್ರ ತನ್ನಿ ಅಂದರು. ಇಲ್ಲದ್ದನ್ನು ಎಲ್ಲಿಂದ ತರೋದು? ರಿಜಿಸ್ಟ್ರೇಷನ್ ಮುಗಿದ ಮೇಲೆ ಕೆಟಗರಿ ಬದಲಿಸಲು ಬರುವುದಿಲ್ಲ. ಕ್ಯಾಟ್ ಸ್ಕೋರ್ ಆ ಒಂದು ವರ್ಷದ ಅಡ್ಮಿಷನ್‌ಗೆ ಮಾತ್ರ. ವರ್ಷ ಪೂರ್ತಿ ಹೋಯಿತು.

ಜಗಳಕ್ಕೆ ಹೋದರೆ ಅವರ ಉತ್ತರ ಕೇಳಿ. ‘1.5 ಲಕ್ಷ ಕೊಡ್ರಿ, ಪ್ಯಾನೆಲ್‌ದಾಗ ನಮ್ಮವ್ರು ಅದಾರ, ಮ್ಯಾನೇಜ್‌ಮೆಂಟ್ ಕೋಟಾದಾಗ ಮಾಡಿಸ್ತೀವಿ.’ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಅನ್ನೋದೇ ಇಲ್ಲ. ಯಾರಾದರೂ ಹೀಗೆ ಬಾಯಿ ಬಿಟ್ಟರೆ ಅಲ್ಲಿಂದಲೇ ಎದ್ದು ಬನ್ನಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ರಸೀದಿ ಎಲ್ಲಿ ಅಂದರು. ಫೋನ್‌ಪೇಯಲ್ಲಿ ಹೋದದ್ದು ಅಲ್ಲಿನ ಒಬ್ಬ ಸಿಬ್ಬಂದಿಯ ಸ್ವಂತ ನಂಬರಿಗೆ. ಪುಣ್ಯಕ್ಕೆ ಅದರ ದಾಖಲೆ, ವಾಟ್ಸಾಪ್ ಮಾತುಕತೆ ಎಲ್ಲಾ ಉಳಿದಿತ್ತು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಫೀಸಿಗೆ ರಸೀದಿ ಕೊಡಬೇಕು, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ದುಡ್ಡನ್ನು 10 ದಿನದಲ್ಲಿ ವಾಪಸ್ ಮಾಡಬೇಕು ಅಂತ ಅದರಲ್ಲಿದೆ. ಅದನ್ನೂ ಹೇಳಿ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ 20,000 ಬಂತು. ಉಳಿದದ್ದಕ್ಕೆ ಓಡಾಟ ನಡೆದೇ ಇದೆ.

ಕೋಚಿಂಗ್ ಬೇಕಿದ್ದರೆ ಸೇರಿ, ತಪ್ಪೇನಿಲ್ಲ. ಎಸ್‌ಒಪಿಯ ಇಂಗ್ಲಿಷ್ ತಿದ್ದಿಸಿಕೊಳ್ಳಿ, ಅದೂ ಸರಿ. ಆದರೆ ಇಮೇಲ್, ಮೊಬೈಲ್ ನಂಬರ್, ಪಾಸ್‌ವರ್ಡ್ ನಿಮ್ಮದೇ ಇರಲಿ. ಕೊನೆಯ ಸಬ್ಮಿಟ್ ಬಟನ್ ಒತ್ತುವವರು ನೀವೇ ಆಗಿರಿ. ಒತ್ತಿದ ತಕ್ಷಣ ಪಿಡಿಎಫ್ ಇಳಿಸಿಕೊಳ್ಳಿ. ಪರೀಕ್ಷೆ ಹೇಗಿರುತ್ತದೆ ಅಂತ ನೋಡಲು ಕ್ಯಾಟ್‌ನ ಅಧಿಕೃತ ವೆಬ್‌ಸೈಟ್‌ನಲ್ಲೇ ಮಾಕ್ ಟೆಸ್ಟ್ ಪುಕ್ಕಟೆ ಬಿಡುತ್ತಾರೆ, ಅದಕ್ಕೆ ಸುಮ್ನೆ ಯಾರಿಗೂ ದುಡ್ಡು ಸುರಿಯಬೇಡಿ.

ಈ ಸಲ ತಮ್ಮ ಮನೆಯಲ್ಲೇ ಕೂತು ಫಾರ್ಮ್ ತುಂಬುತ್ತಾನೆ. ಇಡಬ್ಲ್ಯೂಎಸ್ ಪ್ರಮಾಣಪತ್ರ ಹೊಸ ಆರ್ಥಿಕ ವರ್ಷದ್ದೇ ಬೇಕು, ಹಳೇದು ನಡೆಯಲ್ಲ. ಒಬಿಸಿಯವರು ಕೇಂದ್ರದ ನಮೂನೆಯಲ್ಲೇ ಕೇಳಿ ಮಾಡಿಸಿ. ಎರಡಕ್ಕೂ ಜೂನ್, ಜುಲೈನಲ್ಲೇ ಅರ್ಜಿ ಕೊಟ್ಟುಬಿಡಿ. ಕೊನೇ ವಾರದಲ್ಲಿ ತಹಶೀಲ್ ಆಫೀಸಿನವರು ಸರ್ವರ್ ಡೌನ್ ಅಂದರೆ ಯಾರೂ ಏನೂ ಮಾಡೋಕಾಗಲ್ಲ.