ಸ್ಲೋ ಕುಕ್ಕರಿನಲ್ಲಿ ಮಾಂಸ ಇಟ್ಟು ಕೆಲಸಕ್ಕೆ ಹೋಗುವವರು ದಯವಿಟ್ಟು ಓದಿ

ಬೆಳಿಗ್ಗೆ ಸ್ಲೋ ಕುಕ್ಕರಿನಲ್ಲಿ (ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ) ಬೀಫ್ ರೋಸ್ಟ್ ಇಟ್ಟು, ರಾತ್ರಿ ಬಂದು ಬಡಿಸಿಕೊಳ್ಳುವ ಅಭ್ಯಾಸ ಇದ್ದರೆ ದಯವಿಟ್ಟು ನಿಲ್ಲಿಸಿ. ಕನಿಷ್ಠ ಹಗಲಲ್ಲಿ ಕರೆಂಟ್ ಹೋಗುವ ಊರಿನಲ್ಲಾದರೂ ನಿಲ್ಲಿಸಿ. ಗುಂಡಿ ತಿರುಗಿಸುವ ಮಾದರಿಯ ಸ್ಲೋ ಕುಕ್ಕರ್ ಕರೆಂಟ್ ಹೋದಾಗ ಆರುತ್ತದೆ, ಬಂದಾಗ ತಾನೇ ಮತ್ತೆ ಶುರುವಾಗುತ್ತದೆ. ಮಧ್ಯದಲ್ಲಿ ಎಷ್ಟು ಹೊತ್ತು ನಿಂತಿತ್ತು ಅನ್ನುವುದಕ್ಕೆ ಯಾವ ಗುರುತೂ ಇರುವುದಿಲ್ಲ. ನೀವು ಮನೆಗೆ ಬಂದಾಗ ಪಾತ್ರೆ ಬಿಸಿ ಇರುತ್ತದೆ, ಘಮ ಬರುತ್ತಿರುತ್ತದೆ. ಅಕ್ಕನ ಮನೆಯಲ್ಲಿ ನಾವೆಲ್ಲ ಕಾಯಿಲೆ ಬಿದ್ದಿದ್ದು ಇದೇ ಕಾರಣಕ್ಕೆ.

ಅಕ್ಕನ ಮನೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿಯುತ್ತಾರೆ. ಅಕ್ಕ ಭಾವ ಇಬ್ಬರೂ ಹಾಗೇ. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲು ಹಿಡಿದರೆ ವಾಪಸ್ ಬರುವಾಗ ರಾತ್ರಿ ಎಂಟಾಗುತ್ತದೆ. ಅಂಥವರಿಗೆ ಸ್ಲೋ ಕುಕ್ಕರ್ ಎಷ್ಟು ಆಸೆ ಹುಟ್ಟಿಸುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಎಲ್ಲಾ ಹಾಕಿ ಮುಚ್ಚಳ ಮುಚ್ಚಿದರೆ ರಾತ್ರಿ ಊಟ ರೆಡಿ ಅಂತ ವಿಡಿಯೋಗಳೆಲ್ಲಾ ಹೇಳುತ್ತವೆ. ಆ ವಿಡಿಯೋ ಮಾಡುವವರ ಊರಿನಲ್ಲಿ ದಿನವಿಡೀ ಕರೆಂಟ್ ಇರುತ್ತದೆ.

ಮಾಂಸದ ವಿಷಯವೂ ಹೇಳಬೇಕು. 2020ರ ಗೋಹತ್ಯೆ ತಡೆ ಕಾಯ್ದೆ ಬಂದ ಮೇಲೆ ನಮ್ಮ ರಾಜ್ಯದಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ ಕಡಿಯಬಹುದು. ವಯಸ್ಸಾದ ಪ್ರಾಣಿಯ ಮಾಂಸ ಗಟ್ಟಿ. ಅದರ ನಾರು ಕರಗಿ ಮೆತ್ತಗಾಗಬೇಕಾದರೆ ಸಣ್ಣ ಶಾಖದಲ್ಲಿ ತುಂಬಾ ಹೊತ್ತು ಬೇಯಬೇಕು. ಹಾಗಾಗಿ ಸ್ಲೋ ಕುಕ್ಕರ್ ಈ ಮಾಂಸಕ್ಕೆ ನಿಜಕ್ಕೂ ಒಳ್ಳೆಯ ಪಾತ್ರೆ, ಅದನ್ನು ಅಲ್ಲಗಳೆಯುವುದಿಲ್ಲ. ಅಕ್ಕ ಮಾಡಿದ್ದು ಗಣಿ ಕಾಲದಿಂದ ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಮಾಡುತ್ತಾ ಬಂದಿರುವ ಪಾಟ್ ರೋಸ್ಟ್. ತೊಡೆಯ ಭಾಗದ ಒಂದೇ ದೊಡ್ಡ ತುಂಡು, ಇಡೀ ಕಾಳು ಮೆಣಸು, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಸ್ವಲ್ಪ ವಿನೆಗರ್, ಪಕ್ಕದಲ್ಲಿ ಆಲೂಗಡ್ಡೆ. ಬೆಳಿಗ್ಗೆ ಐದೂವರೆಗೆ 'ಲೋ'ನಲ್ಲಿಟ್ಟು ಹೊರಟಳು.

ರಾತ್ರಿ ನಾನೂ ಊಟಕ್ಕೆ ಹೋಗಿದ್ದೆ. ಪಾತ್ರೆ ಮುಟ್ಟಿದರೆ ಬಿಸಿ. ವಾಸನೆ ಅದ್ಭುತ. ಮಾಂಸ ಮಾತ್ರ ಇನ್ನೂ ಸ್ವಲ್ಪ ಜಗಿಯುವ ಹಾಗಿತ್ತು. "ಹಳೇ ಎಮ್ಮೆ ಇರಬೇಕು ಬಿಡು" ಅಂದರು ಭಾವ. ಎಲ್ಲರೂ ಹೊಟ್ಟೆ ತುಂಬಾ ತಿಂದೆವು.

ಬೆಳಗಿನ ಜಾವಕ್ಕೆ ಶುರುವಾಯಿತು. ಹೊಟ್ಟೆ ಹಿಂಡುವಂಥ ನೋವು, ನಿಲ್ಲದ ಭೇದಿ. ನಾನು, ಅಕ್ಕ, ಭಾವ ಹೇಗೋ ತಡೆದುಕೊಂಡೆವು. ಅಕ್ಕನ ಅತ್ತೆಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ. ಎದ್ದು ನಿಲ್ಲಲೂ ಆಗದೆ ಬಿದ್ದುಬಿಟ್ಟರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಮಲಗಿಸಿದರು. ಡಾಕ್ಟರ್ ಏನು ತಿಂದಿರಿ, ಯಾವಾಗ ಮಾಡಿದ್ದು, ಎಷ್ಟು ಹೊತ್ತು ಇಟ್ಟಿದ್ದಿರಿ ಅಂತ ಒಂದೊಂದಾಗಿ ಕೇಳಿದರು. ಆಗಲೇ ಅಕ್ಕನಿಗೆ ಹೊಳೆದಿದ್ದು.

"ಅತ್ತೆ, ನಿನ್ನೆ ಹಗಲು ಕರೆಂಟ್ ಹೋಗಿತ್ತಾ?"

"ಒಂಬತ್ತಕ್ಕೆ ಹೋಗಿದ್ದು ಸಂಜೆ ಐದಕ್ಕೆ ಬಂತಲ್ಲಮ್ಮ, ಲೈನ್ ಕೆಲಸ ಅಂತೆ."

ಪಾಪ, ಅವರನ್ನು ಅನ್ನುವಂತೆಯೇ ಇಲ್ಲ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ಅದು, ಆದರೂ ಕರೆಂಟ್ ಹೋಗುವುದು ಅಲ್ಲಿ ಯಾರಿಗೂ ದೊಡ್ಡ ಸುದ್ದಿಯಲ್ಲ. ಅದಕ್ಕೂ ಅಡುಗೆಮನೆಯ ಮೂಲೆಯಲ್ಲಿರುವ ಪಾತ್ರೆಗೂ ಸಂಬಂಧ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಒಳಗೆ ಆಗಿದ್ದೇನು ಅಂದರೆ, ಮಾಂಸ ಅರ್ಧ ಬೆಂದು ನಿಂತಿತು. ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಮುಚ್ಚಳ, ಒಳಗೆ ದೊಡ್ಡ ತುಂಡು. ಬೇಗ ತಣ್ಣಗಾಗುವುದಿಲ್ಲ, ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಆಹಾರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮಾಂಸ, ಗ್ರೇವಿಯಲ್ಲಿ ಬರುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜದಂಥ ಗಟ್ಟಿ ರೂಪಗಳಾದ ಸ್ಪೋರ್‌ಗಳು ಬೇಯಿಸಿದರೂ ಸಾಯುವುದಿಲ್ಲ. ಸುಮಾರು 45 ಡಿಗ್ರಿಯ ಬಿಸಿ ಸಿಕ್ಕಿದರೆ ಅದು ಹತ್ತು ನಿಮಿಷಕ್ಕೊಮ್ಮೆ ದುಪ್ಪಟ್ಟಾಗಬಲ್ಲದು. ತಿಂದ 6ರಿಂದ 24 ಗಂಟೆಯೊಳಗೆ ಹೊಟ್ಟೆ ಹಿಂಡುವ ನೋವು, ಭೇದಿ ಬರುತ್ತದೆ. ಸಾಮಾನ್ಯವಾಗಿ ಜ್ವರ, ವಾಂತಿ ಇರುವುದಿಲ್ಲ. ನಮ್ಮ ಲಕ್ಷಣ ಕೇಳಿ ಡಾಕ್ಟರ್ ಇದೇ ಇರಬೇಕು ಅಂದರು. ಸಂಜೆ ಕರೆಂಟ್ ಬಂದ ಮೇಲೆ ಕುಕ್ಕರ್ ನಿಧಾನವಾಗಿ ಬಿಸಿ ಏರಿಸಿಕೊಂಡಿತೇ ಹೊರತು ಕುದಿಯುವ ಮಟ್ಟಕ್ಕೆ ಹೋಗಿರಲಿಲ್ಲ. ಆ ಜಗಿಯುವ ಮಾಂಸಕ್ಕೆ ಕಾರಣ ಅದು, ಎಮ್ಮೆಯ ವಯಸ್ಸಲ್ಲ. ದಿನವಿಡೀ ಇಟ್ಟರೂ ಬೇಯದಿದ್ದರೆ ಅನುಮಾನ ಪಡಿ.

"ಮತ್ತೆ ಚೆನ್ನಾಗಿ ಕುದಿಸಿದರೆ ಆಯ್ತಲ್ವಾ?" ಅಂತ ಆಮೇಲೆ ಸುಮಾರು ಜನ ಕೇಳಿದರು. ಇಲ್ಲ. ಸ್ಟೆಫೈಲೊಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ರುಚಿ, ವಾಸನೆ ನೋಡಿ ಇದನ್ನು ಕಂಡುಹಿಡಿಯಲೂ ಆಗುವುದಿಲ್ಲ. ನೀವು ಇಲ್ಲದಾಗ ಕರೆಂಟ್ ಹೋಗಿತ್ತು ಅಂತ ಗೊತ್ತಾದರೆ, ಬೆಂದ ಹಾಗೆ ಕಂಡರೂ ಆ ಮಾಂಸ ಎಸೆಯಿರಿ. ದುಡ್ಡು ಕೊಟ್ಟು ತಂದದ್ದು ಎಸೆಯುವುದು ಕಷ್ಟ, ಒಪ್ಪುತ್ತೇನೆ. ಆಸ್ಪತ್ರೆ ಬಿಲ್ ಅದಕ್ಕಿಂತ ಎಷ್ಟೋ ಜಾಸ್ತಿ ಆಯಿತು.

ಮನೆಯಲ್ಲಿ ಯಾರಾದರೂ ಇದ್ದರೆ ಅವರಿಗೆ ಬಿಡಿಸಿ ಹೇಳಿ: ಕರೆಂಟ್ ಹೋದ ತಕ್ಷಣ ಮಾಂಸವನ್ನು ಬೇರೆ ಪಾತ್ರೆಗೆ ಹಾಕಿ ಗ್ಯಾಸ್ ಮೇಲಿಟ್ಟು ಪೂರ್ತಿ ಬೇಯಿಸಬೇಕು. ಪಿಂಗಾಣಿ ಪಾತ್ರೆಯನ್ನೇ ಒಲೆ ಮೇಲಿಟ್ಟರೆ ಸೀಳುತ್ತದೆ. ಕರೆಂಟ್ ಹೋಗುವ ಮೊದಲೇ ಮಾಂಸ ಪೂರ್ತಿ ಬೆಂದಿದ್ದರೆ ಎರಡು ಗಂಟೆ ತನಕ ಪರವಾಗಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪ್ಲಗ್‌ಗೆ ಹಾಕುವ, ಬ್ಯಾಟರಿ ಇಲ್ಲದ ಡಿಜಿಟಲ್ ಗಡಿಯಾರ ಒಂದಿರಲಿ. ಕರೆಂಟ್ ಹೋಗಿ ಬಂದರೆ ಅದು ಸೊನ್ನೆಯಿಂದ ಮಿಣುಕುತ್ತಿರುತ್ತದೆ. ಮೈಕ್ರೋವೇವ್ ಇದ್ದರೆ ಅದರ ಗಡಿಯಾರವೇ ಸಾಕು.

ಇನ್ವರ್ಟರ್ ಇದೆ ಅಂತ ನಿಶ್ಚಿಂತೆಯಾಗಿಯೂ ಇರಬೇಡಿ. ಬಹಳ ಮನೆಗಳಲ್ಲಿ ಅಡುಗೆಮನೆಯ ದೊಡ್ಡ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇರುವುದೇ ಇಲ್ಲ. ಒಮ್ಮೆ ಮೇನ್ ಆಫ್ ಮಾಡಿ ನೋಡಿದರೆ ಗೊತ್ತಾಗುತ್ತದೆ. ಸ್ಲೋ ಕುಕ್ಕರ್ ಎಳೆಯುವುದು ಸಾಮಾನ್ಯವಾಗಿ 200ರಿಂದ 300 ವ್ಯಾಟ್. ಎಲೆಕ್ಟ್ರೀಷಿಯನ್‌ಗೆ ತೋರಿಸಿ, ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಅಂತ ಕೇಳಿ, ಆಮೇಲೆ ಲೈನ್ ಕೊಡಿಸಿಕೊಳ್ಳಿ. ಅಮೆರಿಕದಿಂದ ತಂದ ಕುಕ್ಕರ್ ಆದರೆ ಅದು 120 ವೋಲ್ಟಿನದು, ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ.

ಫ್ರೀಜರ್‌ನಿಂದ ತೆಗೆದ ಗಟ್ಟಿ ಮಾಂಸವನ್ನು ಹಾಗೇ ಹಾಕುವುದೂ ಅಷ್ಟೇ ಅಪಾಯ. ಹಿಂದಿನ ದಿನವೇ ಫ್ರಿಜ್‌ನಲ್ಲಿಟ್ಟು ಕರಗಿಸಿ, ಮೊದಲ ಒಂದು ಗಂಟೆ 'ಹೈ'ನಲ್ಲಿಡಿ, ಸುಮ್ನೆ ಸುಮ್ನೆ ಮುಚ್ಚಳ ತೆಗೆಯಬೇಡಿ. ಉಳಿದದ್ದನ್ನು ಅಗಲ ಪಾತ್ರೆಗೆ ಹಾಕಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮಾರನೆಯ ದಿನ ಒಲೆಯ ಮೇಲೆ ಬಿಸಿ ಮಾಡಿ. ಸ್ಲೋ ಕುಕ್ಕರಿನಲ್ಲಿ ಬಿಸಿ ಮಾಡಬೇಡಿ. ಹಾಗೆಯೇ ರಾಜ್ಮಾ ಹಾಕುವವರು ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಅರ್ಧ ಗಂಟೆ ಕುದಿಸಿಯೇ ಹಾಕಬೇಕು. ಅದರಲ್ಲಿರುವ ವಿಷ ಸಣ್ಣ ಶಾಖಕ್ಕೆ ಹೋಗುವುದಿಲ್ಲ.

ಅಕ್ಕನ ಮನೆಯಲ್ಲಿ ಈಗ ರೋಸ್ಟ್ ಭಾನುವಾರ ಮಾತ್ರ, ಎಲ್ಲರೂ ಮನೆಯಲ್ಲಿರುವಾಗ. ಬೇರೆ ದಿನ ಪ್ರೆಷರ್ ಕುಕ್ಕರಿನಲ್ಲಿ ಅದೇ ಮಸಾಲೆ ಹಾಕಿ ಮೆತ್ತಗೆ ಬೇಯಿಸಿ, ಬಾಣಲೆಯಲ್ಲಿ ಕೆಂಪಗೆ ಹುರಿಯುತ್ತಾಳೆ. ರುಚಿಯಲ್ಲಿ ಏನೂ ಕಡಿಮೆಯಿಲ್ಲ.

ಈಗಾಗಲೇ ಇಂಥದ್ದು ತಿಂದು ಭೇದಿ ಶುರುವಾಗಿದ್ದರೆ ಓಆರ್‌ಎಸ್ ಕುಡಿಯುತ್ತಿರಿ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಿ. ವಯಸ್ಸಾದವರು, ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಇರುವವರಾದರೆ ಕಾಯಬೇಡಿ. ಮೂತ್ರ ಕಡಿಮೆಯಾದರೆ, ಭೇದಿಯಲ್ಲಿ ರಕ್ತ ಕಂಡರೆ, ತಲೆ ಸುತ್ತಿದರೆ ಯಾರೇ ಆಗಲಿ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ ಅನ್ನುವುದನ್ನು ಡಾಕ್ಟರ್ ಕೇಳುವ ಮೊದಲೇ ಹೇಳಿಬಿಡಿ.