ಲಿಬ್ರೆಆಫೀಸ್ ಕ್ಯಾಲ್ಕ್‌ನ ಗುಂಪು ಬಾರ್ ಚಾರ್ಟ್: ಆರು ಮಹಾಸಭೆಗಳ ಬಳಕೆಯ ನಂತರ

ಉಡುಪಿಯ ಸಹಕಾರಿ ಸಂಘವೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ನಾನು ಆರು ವರ್ಷಗಳಿಂದ ವಾರ್ಷಿಕ ವರದಿಯ ಒಂದು ಪುಟಕ್ಕಾಗಿ ಲಿಬ್ರೆಆಫೀಸ್‌ನ ಸ್ಪ್ರೆಡ್‌ಶೀಟ್ ತಂತ್ರಾಂಶವಾದ ಕ್ಯಾಲ್ಕ್ ಬಳಸುತ್ತಿದ್ದೇನೆ. ಉಡುಪಿ, ಬ್ರಹ್ಮಾವರ, ಕುಂದಾಪುರ, ಕಾರ್ಕಳ, ಕಾಪು ಶಾಖೆಗಳ ಠೇವಣಿ, ಸಾಲ ಮತ್ತು ಸುಸ್ತಿ (ಅವಧಿ ಮೀರಿಯೂ ಮರುಪಾವತಿಯಾಗದ ಸಾಲ) ಮೂರೂ ಆ ಪುಟದಲ್ಲಿ ಒಟ್ಟಿಗೆ ಕಾಣಬೇಕು. ತಂತ್ರಾಂಶ ಉಚಿತ, ಕಂಬಗಳನ್ನು ಗುಂಪುಗುಂಪಾಗಿ ಪಕ್ಕಪಕ್ಕ ನಿಲ್ಲಿಸುವ ಗುಂಪು ಬಾರ್ ಚಾರ್ಟ್ ಸಿದ್ಧವಾಗಲು ಎರಡು ನಿಮಿಷ ಸಾಕು.

ತಲೆ ಕೆಡಿಸಿಕೊಳ್ಳಬೇಕಾದದ್ದು ದತ್ತಾಂಶವನ್ನು ಅಡ್ಡಸಾಲಿನಿಂದ ಓದಿಸಬೇಕೋ ಲಂಬಸಾಲಿನಿಂದಲೋ ಎಂಬ ಒಂದೇ ಗುಂಡಿಯ ಬಗ್ಗೆ. ಶಾಖೆವಾರು ಗುಂಪು ಮಾಡಿದರೆ ಠೇವಣಿಯ ಪಕ್ಕದಲ್ಲೇ ಸಾಲ ನಿಂತು, ಆ ಶಾಖೆ ಸಂಗ್ರಹಿಸಿದ ಹಣದಲ್ಲಿ ಎಷ್ಟನ್ನು ಸಾಲ ಕೊಟ್ಟಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಆದರೆ ಕಾರ್ಕಳದ ಠೇವಣಿಯನ್ನು ಕಾಪುವಿನದರೊಂದಿಗೆ ಹೋಲಿಸಲು ಕಣ್ಣು ನಡುವಿನ ಎರಡು ಕಂಬಗಳನ್ನು ದಾಟಬೇಕು. ಗುಂಡಿ ಬದಲಿಸಿದರೆ ಐದೂ ಶಾಖೆಗಳ ಠೇವಣಿ ಒಂದೇ ಗುಂಪಿಗೆ ಬರುತ್ತದೆ. ಆಡಳಿತ ಮಂಡಳಿಗೆ ಮೊದಲನೆಯದನ್ನೂ ಶಾಖಾ ವ್ಯವಸ್ಥಾಪಕರ ಸಭೆಗೆ ಎರಡನೆಯದನ್ನೂ ಕೊಡುತ್ತೇನೆ. ಬಾರ್ ಚಾರ್ಟಿನ ಜನಕರೆನಿಸಿದ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ಸ್ಕಾಟ್ಲೆಂಡಿನ ವ್ಯಾಪಾರದ ಚಿತ್ರದಲ್ಲಿಯೂ ಪ್ರತಿ ದೇಶಕ್ಕೆ ಆಮದು, ರಫ್ತು ಎಂಬ ಜೋಡಿ ಕಂಬಗಳೇ ಇದ್ದವು. ಜೋಡಿಯಷ್ಟು ಸಲೀಸಾಗಿ ಮೂರನ್ನು ಓದಲಾಗದು. ಒಮ್ಮೆ ಐದು ಅಂಶ ತುರುಕಿ ನೋಡಿ ಕೈಬಿಟ್ಟೆ.

ಎಡವಿದ್ದು ಸುಸ್ತಿಯ ವಿಷಯದಲ್ಲಿ. ಠೇವಣಿ ಕೋಟಿಗಳಲ್ಲಿ, ಸುಸ್ತಿ ಲಕ್ಷಗಳಲ್ಲಿ ಇರುವುದರಿಂದ ಅದರ ಕಂಬ ಗೆರೆಯಷ್ಟೇ ಉಳಿಯಿತು. "ಇದ್ರಲ್ಲಿ ಕುಂದಾಪುರದ ಸುಸ್ತಿ ಎಲ್ಲುಂಟು ಮಾರಾಯ್ರೇ?" ಎಂದು ನಿರ್ದೇಶಕರೊಬ್ಬರು ಕೇಳಿದ ಮೇಲೆ, ಮರುವರ್ಷ ಅದನ್ನು ಬಲಬದಿಯ, ಬೇರೆ ಅಳತೆಯ ಎರಡನೇ ಅಕ್ಷಕ್ಕೆ ಜೋಡಿಸಿದೆ. ಕಂಬಗಳು ಒಂದನ್ನೊಂದು ಮರೆಮಾಡಿ ಕುಳಿತವು. ಅವನ್ನು ಪಕ್ಕಪಕ್ಕ ತೋರಿಸುವ ಆಯ್ಕೆ ಸರಣಿಯ (ಒಂದೇ ಅಂಶದ ಕಂಬಗಳ) ಸೆಟ್ಟಿಂಗ್‌ನಲ್ಲಿದೆಯೆಂದು ಹುಡುಕಿ ತಿಳಿಯಲು ಒಂದು ಮಧ್ಯಾಹ್ನವೇ ಕಳೆಯಿತು. ಅಷ್ಟು ಮಾಡಿದ್ದಕ್ಕೆ ಸಿಕ್ಕ ಫಲವೆಂದರೆ, ಸುಸ್ತಿ ಠೇವಣಿಯಷ್ಟೇ ಎತ್ತರ ಬೆಳೆದು, ಬಲಬದಿಯ ಅಂಕಿಗಳನ್ನು ಗಮನಿಸದ ಸದಸ್ಯರು ಸಭೆಯಲ್ಲಿ ಗಾಬರಿಯಾದರು. ಅದು ತಂತ್ರಾಂಶದ ತಪ್ಪಲ್ಲ, ನನ್ನದು. ಈಗ ಸುಸ್ತಿಯನ್ನು ಸಾಲದ ಶೇಕಡಾವಾರಾಗಿ ಬೇರೆಯೇ ಚಾರ್ಟಿನಲ್ಲಿ ಕೊಡುತ್ತೇನೆ.

ವರದಿ ಕಪ್ಪು-ಬಿಳುಪಿನಲ್ಲಿ ಅಚ್ಚಾಗುವುದರಿಂದ ನೀಲಿ, ಹಸಿರು ಎರಡೂ ಒಂದೇ ಬೂದು ಬಣ್ಣವಾಗುತ್ತವೆ. ಒಂದು ಸರಣಿಗೆ ಓರೆಗೆರೆಗಳ ತುಂಬಿಕೆ ಕೊಟ್ಟರೆ ತೊಂದರೆಯಿಲ್ಲ. 'ಬ್ರಹ್ಮಾವರ'ದಂತಹ ಉದ್ದ ಹೆಸರು ಓರೆಯಾಗಿ ನಿಲ್ಲದಿರಲೆಂದು ಅಡ್ಡ ಕಂಬಗಳನ್ನು ಆರಿಸಿಕೊಳ್ಳುವವರು ಅಕ್ಷದ ದಿಕ್ಕನ್ನೂ ತಿರುಗಿಸಬೇಕು. ಇಲ್ಲವಾದರೆ ಪಟ್ಟಿಯಲ್ಲಿ ಮೊದಲಿರುವ ಉಡುಪಿ ಚಾರ್ಟಿನಲ್ಲಿ ಎಲ್ಲಕ್ಕಿಂತ ಕೆಳಗೆ ಬರುತ್ತದೆ.