ಐದು ಅಕ್ಷರ, ಕೊನೆಯದು ‘ಯು’: ಪದ ಹುಡುಕಲು ಒನ್‌ಲುಕ್ ಹೇಗಿದೆ?

ಇಂಗ್ಲಿಷ್ ಪದಬಂಧದಲ್ಲಿ ಕಡೆಗೆ ಉಳಿದು ಕಾಡುವುದು ಸಾಮಾನ್ಯವಾಗಿ ಇಂಥ ಜಾಗವೇ: ಐದು ಚೌಕ, ಕೊನೆಯದರಲ್ಲಿ ‘ಯು’, ಮಿಕ್ಕ ನಾಲ್ಕೂ ಖಾಲಿ. ಅಚ್ಚಿನ ನಿಘಂಟನ್ನು ಮೊದಲ ಅಕ್ಷರದ ಕ್ರಮದಲ್ಲಿ ಜೋಡಿಸಿರುತ್ತಾರೆ, ಹಾಗಾಗಿ ಬಾಲ ಹಿಡಿದು ಹುಡುಕುವವರಿಗೆ ಅದರಿಂದ ಪ್ರಯೋಜನವಿಲ್ಲ. ಈ ಕೆಲಸಕ್ಕೆ ಪುಕ್ಕಟೆ ಸಿಗುವ ಸಾಧನಗಳಲ್ಲಿ ಒನ್‌ಲುಕ್ ಜಾಲತಾಣಕ್ಕೆ ಮೇಲಿನ ಸ್ಥಾನ ಕೊಡಬಹುದು. ಆದರೆ ಅದು ಪದಬಂಧದವರ ಸಾಧನ. ಅಕ್ಷರದ ಬಿಲ್ಲೆಗಳಿಂದ ಬೋರ್ಡಿನ ಮೇಲೆ ಪದ ಕಟ್ಟುವ ಸ್ಕ್ರಾಬಲ್ ಆಡುವವರು ಅದರ ಪಟ್ಟಿಯನ್ನು ಹಾಗೆಹಾಗೇ ನಂಬಿದರೆ ಕೆಟ್ಟರು.

ಬಳಸುವ ಕ್ರಮ ಸುಲಭ. ಗೊತ್ತಿಲ್ಲದ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ. ಅಂದರೆ ????ಯು, ಹುಡುಕಾಟದ ವಿನ್ಯಾಸ ಎನ್ನುವುದು ಇದನ್ನೇ. (ಇಲ್ಲಿ ಕನ್ನಡದಲ್ಲಿ ಬರೆದ ಅಕ್ಷರಗಳನ್ನೆಲ್ಲ ಇಂಗ್ಲಿಷ್ ಕೀಲಿಯಲ್ಲೇ ಒತ್ತಬೇಕು, ನಡುವೆ ಜಾಗ ಬಿಡಬಾರದು.) ಅಡಿಯೂ, ಬಾಯೂ, ಹೈಕು, ಸ್ನಾಫೂ, ಸಾಧು, ದಾರದ ಗಂಟುಗಳಲ್ಲಿ ಲೆಕ್ಕ ಇಡುತ್ತಿದ್ದ ಇಂಕಾ ಜನರ ಕ್ವಿಪು, ಎಲ್ಲವೂ ಈ ಅಳತೆಯವೇ. ಉದ್ದ ಎಷ್ಟಾದರೂ ಆಗಲಿ ಎನ್ನುವುದಾದರೆ * ಹಾಕಬೇಕು. ಹಲವರು ಎಡವುವುದು ಇಲ್ಲೇ: *ಯು ಎಂದು ಒತ್ತಿ, ಐದಕ್ಷರದವಲ್ಲದೆ ಬೇರೆಯವೂ ಏಕೆ ಬಂದವು ಎನ್ನುತ್ತಾರೆ.

ನಿಜವಾದ ಶಕ್ತಿ ಇರುವುದು ಉಳಿದ ಚಿಹ್ನೆಗಳಲ್ಲಿ. # ಅಂದರೆ ಯಾವುದಾದರೂ ವ್ಯಂಜನ. @ ಅಂದರೆ ಸ್ವರ, ಇದರಲ್ಲಿ ‘ವೈ’ಯೂ ಸೇರಿದೆ. ನಾಲ್ಕು # ಹಾಕಿ ಕೊನೆಗೆ ‘ಹೆಚ್’ ಒತ್ತಿದರೆ ವೇಲ್ಸ್‌ನಿಂದ ಬಂದ ಎರಡು ವಿಚಿತ್ರ ಪದಗಳು ಬಲೆಗೆ ಬೀಳುತ್ತವೆ: ಕ್ರೂತ್ (ಸಿ-ಆರ್-ಡಬ್ಲ್ಯು-ಟಿ-ಹೆಚ್), ಅದು ಹಳೆಯ ತಂತಿವಾದ್ಯ, ಕುಚ್ (ಸಿ-ಡಬ್ಲ್ಯು-ಟಿ-ಸಿ-ಹೆಚ್), ಅಂದರೆ ಅಪ್ಪುಗೆ. ವೆಲ್ಷ್ ಭಾಷೆಯಲ್ಲಿ ‘ಡಬ್ಲ್ಯು’ ಸ್ವರವಾಗಿಯೂ ನಡೆಯುವುದರಿಂದ ಈ ಕಾಗುಣಿತ.

ವಿನ್ಯಾಸದ ಕೊನೆಗೆ ಮೈನಸ್ ಹಾಕಿ ಅಕ್ಷರಗಳನ್ನು ಬರೆದರೆ ಅವು ಇರುವ ಪದಗಳು ಹೊರಬೀಳುತ್ತವೆ. ????ವೈ ಬರೆದು, ಮೈನಸ್ ಹಾಕಿ, ಎ-ಇ-ಐ-ಓ-ಯು ಐದನ್ನೂ ಒಟ್ಟಿಗೆ ಒತ್ತಿ ನೋಡಿ: ಜಿಪ್ಸಿ, ಪಿಗ್ಮಿ, ಶೈಲಿ (ನಾಚಿಕೆಯಿಂದ ಎಂಬ ಅರ್ಥದ್ದು), ರೈಲಿ, ಡ್ರೈಲಿ. ಪ್ಲಸ್ ಇದಕ್ಕೆ ತದ್ವಿರುದ್ಧ, ಕೊಟ್ಟ ಅಕ್ಷರಗಳಿಗಷ್ಟೇ ಹುಡುಕಾಟವನ್ನು ಕಟ್ಟಿಹಾಕುತ್ತದೆ. ಈ ಹುಡುಕಾಟಗಳನ್ನು ತಾಣದ ಪೆಟ್ಟಿಗೆಯಲ್ಲೇ ಬರೆಯಿರಿ. ಬ್ರೌಸರಿನ ವಿಳಾಸದ ಸಾಲಿನಲ್ಲಿ # ಬಂದರೆ ಅದರಾಚೆಯ ಭಾಗ ಸರ್ವರನ್ನು ತಲುಪುವುದೇ ಇಲ್ಲ. ಪ್ಲಸ್ ಖಾಲಿ ಜಾಗವಾಗಿ ಬದಲಾಗುವುದೂ ಉಂಟು.

‘ಎಸ್’ನಲ್ಲಿ ಮುಗಿಯುವ ಐದಕ್ಷರ ಕೇಳಿದರೆ ಮಾತ್ರ ಪಟ್ಟಿ ಉಪಯೋಗಕ್ಕೆ ಬಾರದು. ನಾಲ್ಕಕ್ಷರದ ನಾಮಪದಗಳ ಬಹುವಚನವೆಲ್ಲ ಬಂದು ತುಂಬಿಕೊಳ್ಳುತ್ತದೆ, ಅದನ್ನು ಜರಡಿ ಹಿಡಿಯುವ ಗುಂಡಿ ಇಲ್ಲ. ಅಲ್ಪವಿರಾಮದಿಂದ ಹಲವು ವಿನ್ಯಾಸಗಳನ್ನು ಜೋಡಿಸಿದರೆ ಅವೆಲ್ಲಕ್ಕೂ ಒಟ್ಟಿಗೆ ಹೊಂದುವ ಪದವಷ್ಟೇ ಬರುವುದರಿಂದ, ಅಡ್ಡದಾರಿ ಎಂದರೆ ಈ ಮೂರನ್ನು ಒಂದೊಂದಾಗಿ ಹುಡುಕುವುದು: ???ಎಸ್‌ಎಸ್, ???ಯುಎಸ್, ???ಐಎಸ್. ಕ್ಲಾಸ್, ಫೋಕಸ್, ಬೇಸಿಸ್ ಮಾದರಿಯವು ಉಳಿದು ಬಹುವಚನದ ಕಸ ಬಹುಮಟ್ಟಿಗೆ ಹೋಗುತ್ತದೆ. ಐದಕ್ಷರದ ಪದ ಊಹಿಸುವ ವರ್ಡಲ್ ಆಡುವವರಿಗೆ ಇದು ಹೆಚ್ಚು ಬೇಕಾಗುತ್ತದೆ. ಅಲ್ಲಿ ಬರೀ ‘ಎಸ್’ ಅಂಟಿಸಿದ ಬಹುವಚನ ಉತ್ತರವಾಗಿ ಬರುವುದಿಲ್ಲ.

ಸುಳಿವಿನ ಅರ್ಥ ಗೊತ್ತಿದ್ದರೆ ವಿನ್ಯಾಸದ ಮುಂದೆ ಕೋಲನ್ ಹಾಕಿ ಅದನ್ನೂ ಸೇರಿಸಬಹುದು. ????ಯು ಬರೆದು ಕೋಲನ್ ಹಾಕಿ ‘ಪೊಯೆಮ್’ ಎಂದರೆ ಹೈಕು ಹತ್ತಿರ ಬರುತ್ತದೆ. ಸುಳಿವಿನಲ್ಲಿ ಅರ್ಥದ ಜೊತೆ ಪದಚಮತ್ಕಾರವನ್ನೂ ಬೆರೆಸುವ ಕ್ರಿಪ್ಟಿಕ್ ಪದಬಂಧದಲ್ಲಿ ಅರ್ಥದ ಭಾಗ ಸುಳಿವಿನ ಮೊದಲಿಗೋ ಕೊನೆಗೋ ಇರುತ್ತದೆ, ಆ ಎರಡನ್ನೂ ಹೀಗೆ ಬೇರೆಬೇರೆಯಾಗಿ ಕೊಟ್ಟು ನೋಡುವುದು ಫಲ ಕೊಡುವ ಉಪಾಯ.

ಈಗ ಕೊರತೆ. ಒನ್‌ಲುಕ್ ಹಲವು ನಿಘಂಟುಗಳನ್ನು ಒಟ್ಟಿಗೆ ತಡಕುತ್ತದೆ, ಅದರಿಂದ ಊರಿನ ಹೆಸರು, ಮನುಷ್ಯರ ಹೆಸರು, ಸಂಕ್ಷೇಪಾಕ್ಷರ ಎಲ್ಲವೂ ಒಂದೇ ರಾಶಿಯಲ್ಲಿ. ಆಟಕ್ಕೆ ಯಾವುದು ಸಲ್ಲುತ್ತದೆ ಎಂದು ಅದು ಹೇಳುವುದಿಲ್ಲ. ಭಾರತದ ಸ್ಕ್ರಾಬಲ್ ಸ್ಪರ್ಧೆಗಳಲ್ಲಿ ಆಟಕ್ಕೆ ಸಲ್ಲುವ ಪದಗಳ ಕಾಲಿನ್ಸ್ ಪಟ್ಟಿ ನಡೆಯುತ್ತದೆ, ಅಮೆರಿಕದ ಪಟ್ಟಿ ಬೇರೆ. ಕಾಲಿನ್ಸ್‌ನ 2019ರ ಆವೃತ್ತಿಯಲ್ಲೇ 2,79,496 ಪದಗಳಿವೆ. ಆರಕ್ಷರ, ಕೊನೆಗೆ ‘ಜೆ’ ಎಂದು ಹುಡುಕುವವರಿಗೆ ನಮ್ಮ ಸ್ವರಾಜ್ ಅದರಲ್ಲಿ ಸಿಗುತ್ತದೆ, ಅದೂ ‘ಡಬ್ಲ್ಯು’ ಇರುವ, ‘ವಿ’ ಇರುವ ಎರಡು ಕಾಗುಣಿತದಲ್ಲಿ. ಒನ್‌ಲುಕ್‌ನಲ್ಲಿ ಕಂಡ ಪದವನ್ನು ಕಾಲಿನ್ಸ್‌ನ ಪದಪರೀಕ್ಷೆಯಲ್ಲಿ ನೋಡಿಯೇ ಬೋರ್ಡಿಗೆ ಇಡಬೇಕು.

ಅಪರೂಪದ ಪದಗಳೇ ಬೇಕೆಂದರೆ ಡೇಟಾಮ್ಯೂಸ್ ಎಪಿಐ (ಜಾಲವಿಳಾಸದ ಮೂಲಕ ಪ್ರಶ್ನೆ ಕಳಿಸಿ ಪದಪಟ್ಟಿ ಪಡೆಯುವ ಸೇವೆ) ಇದೆ. ಎಸ್‌ಪಿ ಎಂಬ ನಿಯತಾಂಕಕ್ಕೆ ಇದೇ ಪ್ರಶ್ನಾರ್ಥಕದ ವಿನ್ಯಾಸ ಕೊಡಿ. ಎಂಡಿ ಎಂಬುದಕ್ಕೆ ‘ಎಫ್’ ಕೊಟ್ಟರೆ ಪ್ರತಿ ಪದದ ಜೊತೆ ಅದರ ಬಳಕೆಯ ಪ್ರಮಾಣ, ಹತ್ತು ಲಕ್ಷ ಪದಗಳಿಗೆ ಎಷ್ಟು ಸಲ ಎಂಬ ಲೆಕ್ಕದಲ್ಲಿ, ಬರುತ್ತದೆ. ಅದನ್ನು ಸ್ಪ್ರೆಡ್‌ಶೀಟಿಗೆ ಹಾಕಿ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದರೆ ಅಪರೂಪದವು ಮೇಲೆ. ತಾನಾಗಿ ಕೊಡುವುದು 100 ಫಲಿತಾಂಶ. ಮ್ಯಾಕ್ಸ್ ಎಂದು ಕೇಳಿದರೆ 1,000, ಅದಕ್ಕಿಂತ ಹೆಚ್ಚಿಲ್ಲ. ‘ಕ್ಯೂ’ ಕೊನೆಯಲ್ಲಿರುವ ಟ್ರ್ಯಾಂಕ್, ಉಮಿಯಾಕ್, ತಲಾಕ್‌ನಂಥ ಚಿಕ್ಕ ಗುಂಪಿಗೆ ಇದು ಧಾರಾಳ, ‘ಎಸ್’ಗೆ ಸಾಲದು. ದಿನಕ್ಕೆ ಒಂದು ಲಕ್ಷ ಪ್ರಶ್ನೆಯವರೆಗೆ ಕೀಲಿಯೂ ಬೇಡ, ದುಡ್ಡೂ ಬೇಡ.

ಈ ಮಿತಿ ದಾಟಬೇಕಾದವರು ಎನೇಬಲ್ ಎಂಬ ಪಟ್ಟಿಯನ್ನು ಇಳಿಸಿಕೊಳ್ಳಬಹುದು. 1,70,000ಕ್ಕೂ ಹೆಚ್ಚು ಪದಗಳಿವೆ, ಹಕ್ಕುಸ್ವಾಮ್ಯದ ತೊಡಕಿಲ್ಲ. ಟರ್ಮಿನಲ್‌ನಲ್ಲಿ ಕಡತದಲ್ಲಿ ಹೊಂದುವ ಸಾಲುಗಳನ್ನು ಹೆಕ್ಕುವ ಗ್ರೆಪ್ ಆಜ್ಞೆಗೆ ^ ಚಿಹ್ನೆ, ನಾಲ್ಕು ಚುಕ್ಕಿ, ಬೇಕಾದ ಅಕ್ಷರ, $ ಚಿಹ್ನೆ, ಇಷ್ಟನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಸಾಕು. ಒಂದು ಪದವೂ ಬರಲಿಲ್ಲವೆಂದರೆ ಬಹುತೇಕ ಕಾರಣ ಎರಡೇ. ಚುಕ್ಕಿಗಳನ್ನು ಫೋನಿನಿಂದ ನಕಲಿಸಿದಾಗ ಮೂರು ಸೇರಿ ಒಂದೇ ಚಿಹ್ನೆಯಾಗಿರಬಹುದು. ಇಲ್ಲವೇ ಕಡತ ವಿಂಡೋಸ್ ಮಾದರಿಯದಾಗಿ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಆಗ $ ನಿಮ್ಮ ಅಕ್ಷರದ ಪಕ್ಕಕ್ಕೆ ಬರುವುದೇ ಇಲ್ಲ. ಆ ಅಕ್ಷರವನ್ನು ತೆಗೆಯುವ ಡಾಸ್‌ಟುಯೂನಿಕ್ಸ್ ಆಜ್ಞೆಯನ್ನು ಒಮ್ಮೆ ಓಡಿಸಿದರೆ ಸರಿಹೋಗುತ್ತದೆ.